ನಂಬಿಕೆ ಹೋಯ್ತು, ಹೆಸರು ಚರ್ಚ್ ಪುಸ್ತಕದಲ್ಲೇ ಇದೆ: ಬೆಂಗಳೂರಲ್ಲಿ ಮುಂದೇನು?

ಕಾಕ್ಸ್‌ಟೌನ್ ಕಿಟಕಿ

ಪುನರುತ್ಥಾನ, ಕನ್ಯೆಯ ಗರ್ಭ, ಪ್ರಾರ್ಥನೆಗೆ ಉತ್ತರ ಇವ್ಯಾವುದನ್ನೂ ಈಗ ಒಪ್ಪಲಾಗದ, ಆದರೆ ಕ್ರೈಸ್ತ ಮನೆಯಲ್ಲೇ ಹುಟ್ಟಿ ಬೆಳೆದವರು ಈ ಊರಲ್ಲಿ ಇದ್ದಾರೆ. ದೇವರಿದ್ದಾನೋ ಇಲ್ಲವೋ ಅನ್ನೋ ಜಗಳಕ್ಕೆ ಬೇರೆ ಕಡೆ ಬೇಕಾದಷ್ಟು ಜಾಗ ಇದೆ. ಇಲ್ಲಿ ಕೇಳ್ತಿರೋದು ಕಾಗದದ ಪ್ರಶ್ನೆ. ಜ್ಞಾನಸ್ನಾನದ ಪುಸ್ತಕದಿಂದ ಹೆಸರು ತೆಗೆಸಬಹುದಾ? ಬೇರೆ ಧರ್ಮದವರನ್ನ ಮದುವೆ ಆಗೋದಾದರೆ ಯಾವ ಕಾನೂನು? ಸತ್ತರೆ ಎಲ್ಲಿ? ಆಸ್ತಿ, ಜಾತಿ ಸರ್ಟಿಫಿಕೇಟು, ಮಕ್ಕಳ ಶಾಲೆ? ಸ್ವಂತ ಕಥೆ ಬೇಡ. ಗೊತ್ತಿರೋರು ಬಿಡಿಸಿ ಬರೀರಿ.

ಅಂಚಿನ ಟಿಪ್ಪಣಿ

ಕಥೋಲಿಕರ ಮಟ್ಟಿಗೆ ಹೇಳ್ತೀನಿ. ಹೆಸರು ತೆಗೆಸೋಕೆ ಆಗಲ್ಲ. ಫಾದರ್ ಹಟ ಹಿಡಿದಿದ್ದಾರೆ ಅಂತಲ್ಲ, ಆ ಪುಸ್ತಕ ಸದಸ್ಯರ ಪಟ್ಟಿಯೇ ಅಲ್ಲ. ಇಂಥ ದಿನ ಇಂಥ ಮಗುವಿಗೆ ಇಂಥ ಗುರುಗಳು ಜ್ಞಾನಸ್ನಾನ ಕೊಟ್ಟರು ಅನ್ನೋ ಘಟನೆಯ ದಾಖಲೆ ಅದು. ಮದುವೆ ಮುರಿದರೂ ಮದುವೆ ನಡೆದ ದಿನಾಂಕ ಅಳಿಸಲ್ಲವಲ್ಲ, ಹಾಗೆ. ಧರ್ಮಸಭೆಯ 1983ರ ಕಾನೂನು ಸಂಹಿತೆಯ 535ನೇ ವಿಧಿಯಂತೆ ದೃಢೀಕರಣ (ಕನ್ಫರ್ಮೇಶನ್), ಮದುವೆ, ಗುರುದೀಕ್ಷೆ ಎಲ್ಲವೂ ಅದೇ ಸಾಲಿನ ಪಕ್ಕ ಸೇರ್ತಾ ಹೋಗುತ್ತೆ.

ಇಂಟರ್‌ನೆಟ್ಟಲ್ಲಿ 'ಧರ್ಮಸಭೆ ತ್ಯಜಿಸುವ ಅರ್ಜಿ' ಅಂತ ಯುರೋಪಿನ ನಮೂನೆಗಳು ಸಿಗುತ್ತೆ. ಎರಡು ಕಾರಣಕ್ಕೆ ಅವು ಇಲ್ಲಿ ಕೆಲಸಕ್ಕೆ ಬರಲ್ಲ. 1983ರ ಸಂಹಿತೆಯಲ್ಲಿ 'ವಿಧಿವತ್ತಾಗಿ ಬಿಟ್ಟವರು' ಅನ್ನೋ ಮಾತು ಮದುವೆಗೆ ಸಂಬಂಧಿಸಿದ ಮೂರು ವಿಧಿಗಳಲ್ಲಿ ಇತ್ತು: 1086, 1117, 1124. ಬರವಣಿಗೆಯಲ್ಲಿ ಕೊಟ್ಟು, ಬಿಷಪ್ಪರು ಅಥವಾ ಧರ್ಮಕೇಂದ್ರದ ಗುರುಗಳು ಅದನ್ನ ಸ್ವೀಕರಿಸಬೇಕು ಅಂತ ರೋಮ್ 2006ರಲ್ಲಿ ವಿವರಣೆಯನ್ನೂ ಕಳಿಸಿತ್ತು. 2009ರ ಅಕ್ಟೋಬರ್‌ನಲ್ಲಿ ಪೋಪ್ 16ನೇ ಬೆನೆಡಿಕ್ಟ್ ಆ ಮಾತನ್ನೇ ಮೂರೂ ಕಡೆ ತೆಗೆದುಹಾಕಿದರು. ಇನ್ನೊಂದು, ಜರ್ಮನಿಯಲ್ಲಿ ಜನ ಬಿಡೋದು ಸರ್ಕಾರದ ಮುಂದೆ. ಅಲ್ಲಿ ಆದಾಯ ತೆರಿಗೆಯ ಮೇಲೆ 8 ಅಥವಾ 9 ಪರ್ಸೆಂಟ್ ಚರ್ಚ್ ತೆರಿಗೆ ಇದೆ, ಅದನ್ನ ನಿಲ್ಲಿಸೋಕೆ ಒಂದು ಕಚೇರಿ ಬೇಕಾಯ್ತು. ನಮ್ಮಲ್ಲಿ ಆ ತೆರಿಗೆ ಇಲ್ಲ, ಹಾಗಾಗಿ ಆ ಕಚೇರಿಯೂ ಇಲ್ಲ.

ಮಾಡಬಹುದಾದ್ದು ಇಷ್ಟು. ಧರ್ಮಕೇಂದ್ರದ ಕುಟುಂಬ ಪುಸ್ತಕದಿಂದ ಹೆಸರು ಬಿಡಿ, ಮನೆ ಭೇಟಿ ಬೇಡ, ವಂತಿಗೆ ಚೀಟಿ ಕಳಿಸಬೇಡಿ ಅಂತ ಪತ್ರ ಕೊಟ್ಟು, ಪ್ರತಿಯ ಮೇಲೆ ಸೀಲು ಸಹಿ ತಗೊಳ್ಳಿ. ಅಂಚಿನಲ್ಲಿ ಟಿಪ್ಪಣಿ ಹಾಕಿ ಅಂತ ಕೇಳಬಹುದು, ಹಾಕೋದು ಬಿಡೋದು ಅವರಿಗೆ ಬಿಟ್ಟಿದ್ದು. ಪತ್ರ ಕೊಡೋ ಮೊದಲು ಅಂಚಿನ ಟಿಪ್ಪಣಿಗಳ ಸಮೇತ ಜ್ಞಾನಸ್ನಾನದ ಸರ್ಟಿಫಿಕೇಟಿನ ಎರಡು ಪ್ರತಿ ತೆಗೆದಿಡಿ. ಜನನ ಪತ್ರ ಇಲ್ಲದ ಹಳಬರಿಗೆ ವಯಸ್ಸಿಗೆ ಅದೇ ಆಧಾರ.

ಹಡ್ಸನ್ ಸರ್ಕಲ್ ಸಿಗ್ನಲ್

ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರೊಟೆಸ್ಟೆಂಟರು) ಸಭೆಗಳಲ್ಲಿ ಲೆಕ್ಕ ಬೇರೆ. ಅಲ್ಲಿ ದೀಕ್ಷಾಸ್ನಾನದ ರಿಜಿಸ್ಟರ್ ಒಂದು, ಸಭೆಯ ಸದಸ್ಯತ್ವ ಇನ್ನೊಂದು. ಸದಸ್ಯತ್ವ ನಿಂತಿರೋದು ದೃಢೀಕರಣ ಮತ್ತು ಚಂದಾದ ಮೇಲೆ. ಚಂದಾ ನಿಲ್ಲಿಸಿದರೆ ಕಮಿಟಿ ಚುನಾವಣೆಯ ಮತದಾರರ ಪಟ್ಟಿಯಿಂದ ಹೆಸರು ತಾನಾಗೇ ಬೀಳುತ್ತೆ. ಆದರೆ ಸಭೆಗೆ ಸೇರಿದ ಸ್ಮಶಾನದಲ್ಲಿ ಜಾಗ ಕೇಳುವಾಗ ಬಾಕಿ ಚಂದಾದ ಪುಸ್ತಕವೂ ಹೊರಗೆ ಬರುತ್ತೆ, ನೆನಪಿರಲಿ.

ಪೆಂತೆಕೋಸ್ತ್ ಸಭೆಗಳಲ್ಲಿ ಬಿಡೋದು ಅಂದರೆ ಬಹುತೇಕ ಫೋನಿನ ಕೆಲಸ. ವಾಟ್ಸಾಪ್ ಗುಂಪು, ದಶಮಾಂಶದ (ಆದಾಯದ ಹತ್ತರಲ್ಲೊಂದು ಪಾಲಿನ ಕಾಣಿಕೆ) ಯು.ಪಿ.ಐ. ಆಟೋಪೇ. ಆಟೋಪೇಯನ್ನ ಆ್ಯಪ್ ಒಳಗೆ ಹೋಗಿ ರದ್ದು ಮಾಡಿ. ಗುಂಪು ಬಿಟ್ಟ ಮಾತ್ರಕ್ಕೆ ದುಡ್ಡು ಹೋಗೋದು ನಿಲ್ಲಲ್ಲ. 'ಕಟ್ಟಡ ನಿಧಿಗೆ ಇಷ್ಟು ಕೊಡ್ತೀನಿ' ಅಂತ ಬರೆದುಕೊಟ್ಟ ಚೀಟಿ ಸಾಮಾನ್ಯವಾಗಿ ಸಾಲ ಅಲ್ಲ. ಪ್ರತಿಫಲ ಇಲ್ಲದ ಮಾತನ್ನ ಕರಾರು ಕಾನೂನಿನ 25ನೇ ಸೆಕ್ಷನ್ ಕರಾರು ಅಂತ ಎಣಿಸಲ್ಲ. ಕಮಿಟಿಯಲ್ಲಿ ಖಜಾಂಚಿ ಆಗಿದ್ದೋರು ಮಾತ್ರ ಚೆಕ್ ಸಹಿ ಬದಲಾಯಿಸದೇ ಹೊರಬರಬೇಡಿ. ಬ್ಯಾಂಕಿನ ಪ್ರಕಾರ ಇನ್ನೂ ನೀವೇ ಜವಾಬ್ದಾರರು.

ರಿಜಿಸ್ಟ್ರಾರ್ ಬೆಂಚು

ಮದುವೆ. ಅತಿ ಹೆಚ್ಚು ತಪ್ಪಾಗೋದು ಇಲ್ಲಿ.

'ನಂಗೆ ನಂಬಿಕೆ ಇಲ್ಲ, ಅಂದ ಮೇಲೆ ನಾನು ಕ್ರಿಶ್ಚಿಯನ್ ಅಲ್ಲ, ದೇವಸ್ಥಾನದಲ್ಲಿ ತಾಳಿ ಕಟ್ಟಿ ಹಿಂದೂ ವಿವಾಹ ಕಾಯ್ದೆಯಡಿ ರಿಜಿಸ್ಟರ್ ಮಾಡಿಸಿದರೆ ಆಯ್ತು' ಅನ್ನೋದು ತಪ್ಪು ಲೆಕ್ಕ. ಆ ಕಾಯ್ದೆಗೆ ಇಬ್ಬರೂ ಹಿಂದೂಗಳಾಗಿರಬೇಕು. ಹಿಂದೂ–ಕ್ರೈಸ್ತ ಜೋಡಿ ಆ ಕಾಯ್ದೆಯಡಿ ಆದ ಮದುವೆ ಅಸಿಂಧು ಅಂತ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ನಂಬಿಕೆ ಬಿಟ್ಟ ತಕ್ಷಣ ಯಾರೂ ಹಿಂದೂ ಆಗಲ್ಲ. ಹತ್ತು ವರ್ಷ ಆದ ಮೇಲೆ ಜೀವನಾಂಶಕ್ಕೋ ಆಸ್ತಿಗೋ ಜಗಳ ಬಂದಾಗ ಎದುರು ವಕೀಲರು ಮೊದಲು ಎತ್ತೋದೇ ಈ ಮಾತು.

ಹಾಗಾಗಿ ವಿಶೇಷ ವಿವಾಹ ಕಾಯ್ದೆ, 1954. ಇಬ್ಬರಲ್ಲಿ ಒಬ್ಬರಾದರೂ ನೋಟಿಸ್ ಕೊಡೋ ಮುಂಚೆ ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸ ಇರಬೇಕು. ನೋಟಿಸ್ ಪ್ರಕಟ ಆಗಿ 30 ದಿನ ಕಾಯಬೇಕು. ಆಮೇಲೆ ಮೂವರು ಸಾಕ್ಷಿಗಳ ಎದುರು ಸಹಿ. ನೋಟಿಸ್ ಕೊಟ್ಟ ದಿನದಿಂದ 3 ತಿಂಗಳೊಳಗೆ ಮದುವೆ ಆಗದಿದ್ದರೆ ಮತ್ತೆ ಮೊದಲಿಂದ. ಛತ್ರ ಬುಕ್ ಮಾಡೋರು ಈ ಎರಡೂ ತುದಿ ನೋಡಿಕೊಂಡು ದಿನ ಹಿಡಿಯಿರಿ.

ಯಾರಿಗೂ ಹೇಳದೆ ಮಾಡೋಣ ಅಂದುಕೊಂಡೋರು ಸಿಕ್ಕಿಬೀಳೋದು 6ನೇ ಸೆಕ್ಷನ್ನಲ್ಲಿ. ಒಬ್ಬರ ಕಾಯಂ ವಿಳಾಸ ಬೇರೆ ಜಿಲ್ಲೆಯದ್ದಾದರೆ ನೋಟಿಸಿನ ಪ್ರತಿ ಅಲ್ಲಿಗೂ ಹೋಗಿ ಅಲ್ಲಿನ ಬೋರ್ಡಿಗೂ ಬೀಳುತ್ತೆ. ಬೆಂಗಳೂರಲ್ಲಿ ಕೊಟ್ಟಿದ್ದು ಮಂಗಳೂರಲ್ಲೋ ಕೊಳ್ಳೇಗಾಲದಲ್ಲೋ ಗೊತ್ತಾಗೋದು ಹೀಗೆ. ಆಕ್ಷೇಪಣೆ ಹಾಕೋರು ಹಾಕಬಹುದು, ಆದರೆ 4ನೇ ಸೆಕ್ಷನ್ನಿನ ಕಾರಣಗಳಿಗೆ ಮಾತ್ರ: ಬದುಕಿರೋ ಇನ್ನೊಬ್ಬ ಸಂಗಾತಿ, ವಯಸ್ಸು, ಒಪ್ಪಿಗೆ ಕೊಡೋ ಮಾನಸಿಕ ಸ್ಥಿತಿ, ನಿಷಿದ್ಧ ಸಂಬಂಧ. 'ನಮ್ಮ ಮನೆಯವರು ಒಪ್ಪಿಲ್ಲ', 'ನಮ್ಮ ಚರ್ಚಿನವರು' ಇವು ಆಕ್ಷೇಪಣೆಯೇ ಅಲ್ಲ. ಆಕ್ಷೇಪಣೆ ಬಂದರೆ ಅಧಿಕಾರಿ 30 ದಿನದೊಳಗೆ ವಿಚಾರಣೆ ಮುಗಿಸಿ ತೀರ್ಮಾನ ಹೇಳಬೇಕು.

ಅಂಚಿನ ಟಿಪ್ಪಣಿ

ಇದಕ್ಕೆ ಒಂದು ಬಾಲ. 2009ರ ತಿದ್ದುಪಡಿ ಆದ ಮೇಲೆ, ನಂಬಿಕೆ ಬಿಟ್ಟ ಕಥೋಲಿಕರೂ ಧರ್ಮಸಭೆಯ ದೃಷ್ಟಿಯಲ್ಲಿ ಚರ್ಚಿನ ಕ್ರಮದಲ್ಲೇ ಮದುವೆ ಆಗಬೇಕು ಅನ್ನೋ ನಿಯಮಕ್ಕೆ ಬದ್ಧರೇ. ಅಂದರೆ ರಿಜಿಸ್ಟ್ರಾರ್ ಮುಂದೆ ಆದ ಮದುವೆ ಸರ್ಕಾರಕ್ಕೆ ಪಕ್ಕಾ, ಧರ್ಮಸಭೆಗೆ ಆಗೇ ಇಲ್ಲ. ಅಮ್ಮನ ಸಮಾಧಾನಕ್ಕೆ ಚರ್ಚಲ್ಲೂ ಆಗೋಣ ಅಂದರೆ ಎರಡು ಕಾಗದ: ಇನ್ನೊಬ್ಬರು ಜ್ಞಾನಸ್ನಾನ ಇಲ್ಲದವರಾದರೆ ಬಿಷಪ್ಪರ ವಿನಾಯಿತಿ, ಮತ್ತು ಮಕ್ಕಳಿಗೆ ಜ್ಞಾನಸ್ನಾನ ಕೊಡಿಸಿ ಕಥೋಲಿಕರಾಗಿ ಬೆಳೆಸೋಕೆ ನನ್ನಿಂದಾದ ಎಲ್ಲಾ ಪ್ರಯತ್ನ ಮಾಡ್ತೀನಿ ಅನ್ನೋ ಮಾತು, 1125ನೇ ವಿಧಿ. ಈ ಮಾತಿಗೆ ಸಹಿ ಹಾಕಬೇಕಾದ್ದು ಕಥೋಲಿಕ ಕಡೆಯವರು, ಅಂದರೆ ನಂಬಿಕೆ ಕಳಕೊಂಡ ನೀವೇ. ನಿಮ್ಮ ಹಿಂದೂ ಸಂಗಾತಿಗೆ ಇದನ್ನ ತಿಳಿಸಿದರೆ ಸಾಕು. ಸುಳ್ಳು ಸಹಿ ಬೇಡ ಅನ್ನೋರಿಗೆ ಗಂಟಲಲ್ಲಿ ಸಿಕ್ಕಿಕೊಳ್ಳೋದು ಇದೇ ಕಾಗದ.

ಸೆಮಿನರಿ ಪಕ್ಕದ ಗಲ್ಲಿ

ನಾನು ನಂಬುವವನು, ಮೊದಲೇ ಹೇಳಿಬಿಡ್ತೇನೆ. ನೀವು ಒಂದು ಹೆಜ್ಜೆ ಬಿಟ್ಟಿದ್ದೀರಿ. 1071ನೇ ವಿಧಿಯ ಪ್ರಕಾರ, ನಂಬಿಕೆಯನ್ನು ಬಹಿರಂಗವಾಗಿ ತೊರೆದವರ ಮದುವೆಗೂ ಸ್ಥಳೀಯ ಬಿಷಪ್ಪರ ಅನುಮತಿ ಬೇಕು. ಅನುಮತಿ ಕೊಡುವಾಗಲೂ 1125ರ ನಿಯಮಗಳನ್ನೇ ತಕ್ಕಂತೆ ಅನ್ವಯಿಸುತ್ತಾರೆ. ಆದ್ದರಿಂದ ಫೇಸ್‌ಬುಕ್ಕಿನಲ್ಲಿ ಘೋಷಿಸಿಕೊಂಡವರಿಗೆ ಒಂದು ದಾರಿ, ಸುಮ್ಮನೆ ಬರುವುದನ್ನು ನಿಲ್ಲಿಸಿದವರಿಗೆ ಇನ್ನೊಂದು ದಾರಿ.

ಮತ್ತೊಂದು. ಪ್ರಾರ್ಥನೆ ಒಣಗಿಹೋಗುವುದಕ್ಕೂ ನಂಬಿಕೆ ಹೋಗುವುದಕ್ಕೂ ವ್ಯತ್ಯಾಸವಿದೆ. ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಪ್ರಕಟವಾದಾಗ ಜಗತ್ತು ಬೆಚ್ಚಿಬಿತ್ತು. ದಶಕಗಳ ಕಾಲ ಅವರಿಗೆ ದೇವರ ಇರವಿನ ಅನುಭವವೇ ಆಗಿರಲಿಲ್ಲ. ಬಲಿಪೂಜೆಯಲ್ಲಿ ಏನೂ ಅನಿಸುತ್ತಿಲ್ಲ ಎಂಬುದು ಒಂದು. ಹೇಳುತ್ತಿರುವ ವಿಶ್ವಾಸಸೂತ್ರ ನಿಜವಲ್ಲ ಎಂಬ ತೀರ್ಮಾನ ಇನ್ನೊಂದು. ಮೊದಲನೆಯದಕ್ಕೆ ಪತ್ರ ಬರೆದು ಸೀಲು ಹಾಕಿಸುವ ಅವಸರ ಬೇಡ.

ಬ್ರಿಗೇಡ್ ರೋಡ್ ಬಿಸಿಲು

ಇದೆಲ್ಲಾ ಯಾಕೆ ಸಾರ್? ಮಾರ್ಕನ ಸುವಾರ್ತೆಯ ಕೊನೇ 12 ವಚನ ಆಮೇಲೆ ಸೇರಿಸಿದ್ದು ಅಂತ ಬೈಬಲ್ ವಿದ್ವಾಂಸರೇ ಒಪ್ಪಿದ್ದಾರೆ. ಪುನರುತ್ಥಾನ ಅಲ್ಲಿಗೇ ಮುಗೀತು. ಮನೆಯವರಿಗೆ ಅದನ್ನ ತೋರಿಸಿದರೆ ಆಯ್ತು.

ಹಳೇ ಪ್ರತಿ

ಮುಗಿಯಲ್ಲ. ಮಾರ್ಕ 16:9ರಿಂದ 20ರವರೆಗಿನ ಭಾಗ 4ನೇ ಶತಮಾನದ ಸೈನಾಯ್ ಮತ್ತು ವ್ಯಾಟಿಕನ್ ಹಸ್ತಪ್ರತಿಗಳಲ್ಲಿ ಇಲ್ಲ, ನಿಜ. ಆದರೆ ಖಾಲಿ ಸಮಾಧಿ, 'ಅವರು ಎದ್ದಿದ್ದಾರೆ' ಅನ್ನೋ ಮಾತು ಇರೋದು 1ರಿಂದ 8ರಲ್ಲಿ, ಅದು ಎರಡರಲ್ಲೂ ಇದೆ. ಪೌಲನ ಒಂದನೇ ಕೊರಿಂಥದ 15ನೇ ಅಧ್ಯಾಯವಂತೂ ಮಾರ್ಕನಿಗಿಂತ ಹಳೇದು. ಈ ವಾದ ಹಿಡಿದು ಊಟದ ಮೇಜಿಗೆ ಹೋದರೆ ಬೈಬಲ್ ಚೆನ್ನಾಗಿ ಓದಿದ ಚಿಕ್ಕಪ್ಪ ಒಬ್ಬರು ಸಾಕು, ಐದು ನಿಮಿಷದಲ್ಲಿ ಕೂರಿಸ್ತಾರೆ.

ನಿಲ್ಲೋ ತೊಡಕುಗಳು ಬೇರೆ ಇವೆ. ಮತ್ತಾಯ ಯೇಸುವಿನ ಹುಟ್ಟನ್ನ ಹೆರೋದನ ಕಾಲಕ್ಕೆ ಇಡ್ತಾನೆ; ಹೆರೋದ ಸತ್ತಿದ್ದು ಕ್ರಿ.ಪೂ. 4ರಲ್ಲಿ ಅನ್ನೋದು ಬಹುತೇಕ ಇತಿಹಾಸಕಾರರ ಲೆಕ್ಕ. ಲೂಕ ಅದೇ ಹುಟ್ಟಿಗೆ ಜೋಡಿಸೋ, ಸಿರಿಯಾದ ರೋಮನ್ ಅಧಿಪತಿ ಕುರೇನ್ಯನ ಜನಗಣತಿ ನಡೆದಿದ್ದು ಕ್ರಿ.ಶ. 6ರಲ್ಲಿ. ಯೂದನ ಸಾವು ಮತ್ತಾಯ 27ರಲ್ಲಿ ನೇಣು, ಪ್ರೇಷಿತರ ಕಾರ್ಯಗಳು 1ರಲ್ಲಿ ಬಿದ್ದು ಹೊಟ್ಟೆ ಒಡೆದು. ಮತ್ತಾಯನ ವಂಶಾವಳಿ 14ರ ಮೂರು ಕಂತು ಅಂತ ಹೇಳುತ್ತೆ, ಬೆರಳಲ್ಲಿ ಎಣಿಸಿ, ಕೊನೇ ಕಂತಿನಲ್ಲಿ 13 ಹೆಸರೇ ಸಿಗುತ್ತೆ.

ಕನ್ನಡದಲ್ಲಿ ಓದೋರಿಗೆ ಮಾತ್ರ ಕಾಣದೇ ಹೋಗೋದು ಯೆಶಾಯ 7:14. ಹೀಬ್ರೂವಿನಲ್ಲಿ ಇರೋದು 'ಅಲ್ಮಾ', ಅಂದರೆ ಪ್ರಾಯಕ್ಕೆ ಬಂದ ಹುಡುಗಿ. ಗ್ರೀಕಿಗೆ ಹೋದಾಗ 'ಪಾರ್ಥೆನೋಸ್' ಆಯ್ತು, ಅಂದರೆ ಗಂಡಿನ ಸಂಪರ್ಕ ಇಲ್ಲದವಳು, ಮತ್ತಾಯ ಎತ್ತಿಕೊಂಡಿದ್ದು ಆ ಗ್ರೀಕನ್ನ. ಮೃತ ಸಮುದ್ರದ ಬಳಿಯ ಕುಮ್ರಾನ್ ಗುಹೆಯಲ್ಲಿ ಸಿಕ್ಕ ಯೆಶಾಯನ ಸುರುಳಿಯಲ್ಲೂ 'ಅಲ್ಮಾ'ವೇ ಇದೆ. ಇಂಗ್ಲಿಷ್ ಬೈಬಲ್‌ಗಳು ಈ ಪದಕ್ಕೆ ಕಿತ್ತಾಡಿವೆ. ನಮ್ಮಲ್ಲಿ 'ಕನ್ಯೆ' ಅಂದುಬಿಟ್ಟರೆ ಎರಡೂ ಅರ್ಥ ಒಂದೇ ಪದದಲ್ಲಿ ಅಡಗಿಬಿಡುತ್ತೆ. ಕನ್ಯಾದಾನದ ಕನ್ಯೆ ಮದುವೆಯಾಗದ ಹುಡುಗಿ, ಕನ್ಯಾ ಮರಿಯಮ್ಮನ ಕನ್ಯೆ ಬೇರೆ. ಜಗಳವೇ ಕೇಳಿಸಲ್ಲ.

ಆದರೆ ಇದೆಲ್ಲಾ ಯಾರಿಗೆ ತಾಗುತ್ತೆ ನೋಡಿ. ಪ್ರತಿ ಅಕ್ಷರವೂ ತಪ್ಪಿಲ್ಲ ಅನ್ನೋ ಸಭೆಯವರಿಗೆ ಇದು ಬುಡಕ್ಕೇ ಬೀಳೋ ಏಟು. ಕಥೋಲಿಕರಿಗೆ ಅಷ್ಟು ತಾಗಲ್ಲ. ಬರಹದ ಪ್ರಕಾರಗಳನ್ನ ನೋಡಿ ಅರ್ಥ ಮಾಡಬೇಕು ಅಂತ ಎರಡನೇ ವ್ಯಾಟಿಕನ್ ಸಭೆಯೇ 1965ರಲ್ಲಿ ಹೇಳಿದೆ. ಅಮ್ಮ ಇನ್‌ಫೆಂಟ್ ಜೀಸಸ್ ಚರ್ಚಿಗೆ ಗುರುವಾರ ಹೋಗೋದು ಕುರೇನ್ಯನ ಇಸವಿ ನಂಬಿಕೊಂಡಲ್ಲ.

ಬ್ರಿಗೇಡ್ ರೋಡ್ ಬಿಸಿಲು

13 ಎಣಿಸಿದೆ. ಹೌದು.

ಕಲ್ಪಳ್ಳಿ ಗೇಟು

ಸಾವಿನ ಭಾಗಕ್ಕೆ ಬರೋಣ, ಜನ ಕೊನೇಗೆ ಬಿಡೋದೇ ಇದನ್ನ. ಕ್ರೈಸ್ತ ಸ್ಮಶಾನಗಳಲ್ಲಿ ಮಣ್ಣು ಮಾಡೋಕೆ ಮೊದಲು ಕೇಳೋದು ಧರ್ಮಕೇಂದ್ರದ ಅಥವಾ ಸಭೆಯ ಪತ್ರ, ಜೊತೆಗೆ ಸಾವಿನ ಕಾರಣದ ವೈದ್ಯರ ಸರ್ಟಿಫಿಕೇಟು (ಆಸ್ಪತ್ರೆಯಲ್ಲಾದರೆ ನಮೂನೆ 4, ಮನೆಯಲ್ಲಾದರೆ 4ಎ). ಈ ಊರಲ್ಲಿ ಹೊಸ ಗುಂಡಿಗೆ ಜಾಗ ಕಷ್ಟ, ಬಹಳ ಮಂದಿ ಕುಟುಂಬದ ಹಳೇ ಸಮಾಧಿಯನ್ನೇ ತೆಗೆಸ್ತಾರೆ. ಆ ಸಮಾಧಿ ಯಾರ ಹೆಸರಲ್ಲಿದೆ, ಒಪ್ಪಿಗೆ ಸಹಿ ಯಾರದ್ದು ಅನ್ನೋದನ್ನ ಬದುಕಿರುವಾಗಲೇ ಕೇಳಿಟ್ಟುಕೊಳ್ಳಿ.

ಚರ್ಚ್ ಬೇಡ ಅಂದರೆ ವಿದ್ಯುತ್ ಚಿತಾಗಾರ: ವಿಲ್ಸನ್ ಗಾರ್ಡನ್, ಕಲ್ಪಳ್ಳಿ, ಹೆಬ್ಬಾಳ, ಬನಶಂಕರಿ, ಸುಮನಹಳ್ಳಿ. ಅಲ್ಲಿ ಧರ್ಮದ ಪತ್ರ ಬೇಕಾಗಿಲ್ಲ, ವೈದ್ಯರ ಸರ್ಟಿಫಿಕೇಟು ಮತ್ತು ಗುರುತಿನ ಚೀಟಿ ಸಾಕು. ಸಾವಿನ ನೋಂದಣಿ 21 ದಿನದೊಳಗೆ.

ಒಂದು ಸೂಕ್ಷ್ಮ. ದಹನಕ್ಕೆ ಕಥೋಲಿಕ ಧರ್ಮಸಭೆ 1963ರಲ್ಲೇ ಒಪ್ಪಿದೆ. ಆದರೆ 1184ನೇ ವಿಧಿ, ನಂಬಿಕೆಗೆ ವಿರುದ್ಧವಾದ ಕಾರಣಕ್ಕೆ ದಹನ ಆರಿಸಿಕೊಂಡವರಿಗೂ, ಬಹಿರಂಗವಾಗಿ ಧರ್ಮ ತೊರೆದವರಿಗೂ, ಸಾಯೋ ಮುಂಚೆ ಪಶ್ಚಾತ್ತಾಪದ ಗುರುತು ಕೊಡದಿದ್ದರೆ, ಅಂತ್ಯಕ್ರಿಯೆ ಇಲ್ಲ ಅನ್ನುತ್ತೆ. ಬೂದಿಯನ್ನ ನೀರಿಗೆ ಬಿಡಬಾರದು, ಚೆಲ್ಲಬಾರದು ಅಂತ 2016ರ ಸೂಚನೆ. ಪಶ್ಚಿಮವಾಹಿನಿಗೆ ತಗೊಂಡು ಹೋಗೋ ಯೋಚನೆ ಇದ್ದರೆ ಇದೂ ಅಡ್ಡ ಬರುತ್ತೆ. ಹಾಗಾಗಿ ನಿಮಗೆ ಪೂಜೆ ಬೇಡ, ಆದರೆ ಮನೆಯವರು ಒಂದು ಪೂಜೆ ಇಟ್ಟುಕೊಂಡರೆ ಅಡ್ಡಿಯಿಲ್ಲ ಅನ್ನೋದಾದರೆ 'ದಹನ ಮಾಡಿ' ಅಂತ ಬರೆಯಿರಿ, ಯಾಕೆ ಅಂತ ಬರೆಯಬೇಡಿ.

ದೇಹದಾನ ಮಾಡೋರು ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗದಲ್ಲಿ ನಮೂನೆ ತುಂಬಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ ಕೊಡಬೇಕು. ಸಾಕ್ಷಿಗಳು ಹತ್ತಿರದ ನೆಂಟರೇ ಆಗಿದ್ದರೆ ಒಳ್ಳೇದು. ಕಾರಣ, ಕೊನೇ ಗಳಿಗೆಯಲ್ಲಿ ಫೋನ್ ಮಾಡಬೇಕಾದೋರು ಅವರೇ, ಅವರು ಬೇಡ ಅಂದರೆ ಕಾಲೇಜು ಬಲವಂತ ಮಾಡಲ್ಲ. ಪೋಸ್ಟ್‌ಮಾರ್ಟಂ ಆದ ದೇಹ, ಎಚ್.ಐ.ವಿ. ಅಥವಾ ಹೆಪಟೈಟಿಸ್ ಇದ್ದ ದೇಹ ಸಾಮಾನ್ಯವಾಗಿ ತಗೊಳ್ಳಲ್ಲ. ಅದಕ್ಕೇ ಎರಡನೇ ಆಯ್ಕೆಯಾಗಿ ಚಿತಾಗಾರದ ಹೆಸರನ್ನೂ ಬರೆದಿಡಿ. ಕಣ್ಣು ಕೊಡೋದಾದರೆ 6 ಗಂಟೆಯೊಳಗೆ. ಇವನ್ನೆಲ್ಲಾ ಉಯಿಲಿನಲ್ಲಿ ಮಾತ್ರ ಬರೆದಿಟ್ಟರೆ ಪ್ರಯೋಜನ ಇಲ್ಲ. ಉಯಿಲು ತೆರೆಯೋ ಹೊತ್ತಿಗೆ ಮೂರನೇ ದಿನದ ಪ್ರಾರ್ಥನೆಯೂ ಮುಗಿದಿರುತ್ತೆ. ಬೇರೆ ಹಾಳೆಯಲ್ಲಿ ಬರೆದು, ಆಧಾರ್ ಕಾರ್ಡಿನ ಜೊತೆ ಇಡಿ.

ಎರಡು ಸಾಕ್ಷಿ

ಉಯಿಲಿನ ಮಾತು ಬಂತಲ್ಲ. ಕ್ರೈಸ್ತರ ಆಸ್ತಿಗೆ ಭಾರತೀಯ ಉತ್ತರಾಧಿಕಾರ ಕಾಯ್ದೆ, 1925. ಉಯಿಲು ಇಲ್ಲದೆ ಗಂಡ ತೀರಿಕೊಂಡರೆ, ಮಕ್ಕಳಿದ್ದಲ್ಲಿ ಹೆಂಡತಿಗೆ ಮೂರನೇ ಒಂದು ಭಾಗ, ಉಳಿದದ್ದು ಗಂಡು ಹೆಣ್ಣು ಭೇದವಿಲ್ಲದೆ ಮಕ್ಕಳಿಗೆ ಸಮ. ವಿಶೇಷ ವಿವಾಹ ಕಾಯ್ದೆಯಡಿ ಹಿಂದೂ ಸಂಗಾತಿಯನ್ನ ಮದುವೆಯಾದರೂ ಇಬ್ಬರಿಗೂ ಇದೇ ಕಾಯ್ದೆ. ನಂಬಿಕೆ ಇದೆಯೋ ಇಲ್ಲವೋ ಅನ್ನೋ ವಿಚಾರಣೆಗೆ ಆಸ್ಪದವೇ ಕೊಡದ ಕಾರಣ ಇದು ಹೆಚ್ಚು ನಿಶ್ಚಿಂತೆ.

ಬಹಳ ಜನಕ್ಕೆ ಗೊತ್ತಿಲ್ಲದ್ದು 69ನೇ ಸೆಕ್ಷನ್: ಮದುವೆ ಆದ ಕೂಡಲೇ ಹಿಂದಿನ ಉಯಿಲು ರದ್ದು. ಹಿಂದೂಗಳಿಗೆ ಹಾಗಿಲ್ಲ, ಅದಕ್ಕೇ ಗೆಳೆಯರ ಸಲಹೆ ಕೇಳಿ ಕೂತೋರು ಮೋಸ ಹೋಗ್ತಾರೆ. ಮದುವೆ ಆದ ಮೇಲೆ ಹೊಸದು ಬರೆಯಿರಿ. ಇಬ್ಬರು ಸಾಕ್ಷಿ ಬೇಕು, ಆಸ್ತಿ ಸಿಗೋ ವ್ಯಕ್ತಿಯಾಗಲಿ ಅವರ ಗಂಡ/ಹೆಂಡತಿಯಾಗಲಿ ಸಾಕ್ಷಿ ಹಾಕಿದರೆ ಆ ಪಾಲು ಅವರಿಗೆ ದಕ್ಕಲ್ಲ (67ನೇ ಸೆಕ್ಷನ್).

ಕಾಕ್ಸ್‌ಟೌನ್ ಕಿಟಕಿ

ಈಗಾಗಲೇ ಚರ್ಚಲ್ಲಿ ಮದುವೆ ಆಗಿರೋ ಇಬ್ಬರಲ್ಲಿ ಒಬ್ಬರಿಗೆ ನಂಬಿಕೆ ಹೋದರೆ, ಇನ್ನೊಬ್ಬರು ಅದೇ ಕಾರಣಕ್ಕೆ ಡೈವೋರ್ಸ್ ಕೇಳಬಹುದಾ?

ರಿಜಿಸ್ಟ್ರಾರ್ ಬೆಂಚು

ಅದೊಂದೇ ಕಾರಣಕ್ಕೆ ಆಗಲ್ಲ. 1869ರ ವಿಚ್ಛೇದನ ಕಾಯ್ದೆಯ 10ನೇ ಸೆಕ್ಷನ್ನಿನ ಪದಗಳು 'ಬೇರೆ ಧರ್ಮಕ್ಕೆ ಮತಾಂತರಗೊಂಡು ಕ್ರೈಸ್ತರಾಗಿ ಉಳಿಯದಿದ್ದರೆ' ಅಂತ. ಬೇರೆ ಧರ್ಮ ಸೇರಬೇಕು. ಯಾವುದನ್ನೂ ಸೇರದೆ ಸುಮ್ಮನೆ ಬಿಟ್ಟವರು ಅದರೊಳಗೆ ಬರಲ್ಲ.

ತಹಶೀಲ್ದಾರ್ ಕ್ಯೂ

ಜಾತಿ ಸರ್ಟಿಫಿಕೇಟಿಗೂ ಇದೇ ತರ್ಕ. ಕರ್ನಾಟಕದ ಹಿಂದುಳಿದ ವರ್ಗಗಳ ಮೀಸಲಾತಿ ಪಟ್ಟಿಯಲ್ಲಿ ಕ್ರೈಸ್ತರು 3ಬಿ, ಪರಿಶಿಷ್ಟ ಜಾತಿಯಿಂದ ಮತಾಂತರ ಆದವರು ಪ್ರವರ್ಗ 1. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ ಪರಿಶಿಷ್ಟ ಜಾತಿ ಸ್ಥಾನ. 'ಯೇಸುವನ್ನ ನಂಬಲ್ಲ' ಅಂದ ಮಾತ್ರಕ್ಕೆ ಅಜ್ಜನ ಎಸ್.ಸಿ. ಸ್ಥಾನ ವಾಪಸ್ ಬರಲ್ಲ. 2015ರಲ್ಲಿ ಸುಪ್ರೀಂ ಕೋರ್ಟ್ ಮೂರು ಪುರಾವೆ ಕೇಳಿತು: ಮೂಲ ಜಾತಿ, ಮೂಲ ಧರ್ಮಕ್ಕೆ ಮರಳಿದ್ದು, ಆ ಸಮುದಾಯ ಒಪ್ಪಿಕೊಂಡಿದ್ದು. ಮೀಸಲಾತಿಗೋಸ್ಕರವೇ, ನಂಬಿಕೆ ಇಲ್ಲದೆ ಮತಾಂತರ ಆದರೆ ಅದು ಸಂವಿಧಾನಕ್ಕೆ ಮಾಡೋ ವಂಚನೆ ಅಂತ 2024ರ ನವೆಂಬರ್‌ನಲ್ಲಿ ಹೇಳಿದೆ.

ಫಾರಂಗಳಲ್ಲಿ 'ಧರ್ಮ ಇಲ್ಲ' ಅಂತ ಬರೆಯೋಕೆ ಬಾಂಬೆ ಹೈಕೋರ್ಟ್ 2014ರಲ್ಲಿ ಹಕ್ಕು ಎತ್ತಿಹಿಡಿದಿದೆ. ಆದರೆ ಹಾಗೆ ಬರೆದು ಅದೇ ಅರ್ಜಿಯಲ್ಲಿ 3ಬಿ ಅಥವಾ ಅಲ್ಪಸಂಖ್ಯಾತ ಸೀಟು ಕೇಳಿದರೆ ಕೌಂಟರಿನಲ್ಲೇ ವಾಪಸ್.

ಮೂರನೇ ಬ್ಲಾಕ್ ಮೇಡಂ

ಶಾಲೆ ಬಗ್ಗೆ: ಸಂವಿಧಾನದ 28(3)ನೇ ವಿಧಿ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರೋ ಸಂಸ್ಥೆಯಲ್ಲಿ, ಅಪ್ರಾಪ್ತ ಮಗುವಾದರೆ ಪೋಷಕರ ಒಪ್ಪಿಗೆ ಇಲ್ಲದೆ ಧರ್ಮೋಪದೇಶಕ್ಕೋ ಪೂಜೆಗೋ ಕೂರಿಸೋ ಹಾಗಿಲ್ಲ. ಜೂನ್‌ನಲ್ಲಿ, ಟೈಮ್‌ಟೇಬಲ್ ಆಗೋ ಮೊದಲೇ, ಒಂದು ಪುಟದ ಪತ್ರ ಕೊಡಿ. ಕ್ರೈಸ್ತ ಕೋಟಾದಲ್ಲಿ ಸೀಟು ತಗೊಂಡಿದ್ದರೆ ಹೆಡ್‌ಮಿಸ್ ಮುಖ ಹೇಗಿರುತ್ತೆ ಅನ್ನೋದನ್ನ ನೀವೇ ಊಹಿಸಿಕೊಳ್ಳಿ.

ಸೆಮಿನರಿ ಪಕ್ಕದ ಗಲ್ಲಿ

ಯಾರೂ ಕೇಳಲಿಲ್ಲ, ಆದರೂ ಹೇಳಲೇಬೇಕು, ಕಾನ್ವೆಂಟುಗಳೇ ತುಂಬಿರುವ ಊರಿದು. ಇದರಲ್ಲಿ ಎಲ್ಲರಿಗಿಂತ ಕಷ್ಟ ಕನ್ಯಾಸ್ತ್ರೀಯರದ್ದು. ಆಜೀವ ವ್ರತ ತೆಗೆದುಕೊಂಡವರು ಮೊದಲು ಮಠದ ಹೊರಗೆ ಇರುವ ಅನುಮತಿ ಕೇಳಬಹುದು. ಸಂಸ್ಥೆಯ ಮಹಾಮಾತೆಯೇ (ಮುಖ್ಯಸ್ಥೆ) 5 ವರ್ಷದವರೆಗೆ ಕೊಡಬಹುದು. ಪೂರ್ತಿ ಬಿಡುವುದಾದರೆ, ರೋಮಿನ ಅಧೀನದ ಸಂಸ್ಥೆಗಳಲ್ಲಿ ಅನುಮತಿ ರೋಮಿನಿಂದಲೇ ಬರಬೇಕು. 702ನೇ ವಿಧಿ ಕಹಿ: ಸಂಸ್ಥೆಯಲ್ಲಿ ಮಾಡಿದ ಕೆಲಸಕ್ಕೆ ಏನನ್ನೂ ಕೇಳುವಂತಿಲ್ಲ. ಆದರೆ ಅದೇ ವಿಧಿಯ ಎರಡನೆಯ ಭಾಗ, ಬಿಟ್ಟುಹೋಗುವವರ ವಿಷಯದಲ್ಲಿ ಸಂಸ್ಥೆ ನ್ಯಾಯ ಮತ್ತು ಪ್ರೀತಿಯಿಂದ ನಡೆಯಬೇಕು ಎನ್ನುತ್ತದೆ. ಪತ್ರದಲ್ಲಿ ಆ ಎರಡನೆಯ ಭಾಗವನ್ನು ಉಲ್ಲೇಖಿಸಿ, ಬೇಕಾದ್ದನ್ನು ಅಂಕಿ ಸಮೇತ ಕೇಳಿ: ಬಾಡಿಗೆ ಮುಂಗಡ, ಆರು ತಿಂಗಳ ಖರ್ಚು, ಆರೋಗ್ಯ ವಿಮೆ. ಪತ್ರ ಕೊಡುವ ಮೊದಲೇ ಅಂಕಪಟ್ಟಿ, ನರ್ಸಿಂಗ್ ಅಥವಾ ಬಿ.ಎಡ್. ನೋಂದಣಿ, ಪ್ಯಾನ್, ಆಧಾರ್ ಮೂಲ ಪ್ರತಿಗಳು ಕೈಯಲ್ಲಿರಲಿ.

ನಿಮ್ಹಾನ್ಸ್ ಬಸ್‌ಸ್ಟಾಪು

ಒಂದು ಎಚ್ಚರಿಕೆ. 'ಪವಿತ್ರಾತ್ಮನ ದೂಷಣೆಗೆ ಕ್ಷಮೆಯೇ ಇಲ್ಲ' ಅನ್ನೋ ಮಾರ್ಕ 3:29 ತಲೆಯಲ್ಲಿ ಸುತ್ತುತ್ತಾ, ಒಂದೇ ಪಾಪವನ್ನ ಪದೇ ಪದೇ ನಿವೇದನೆ ಮಾಡೋದು, ಪ್ರಾರ್ಥನೆಯ ಒಂದು ಪದ ತಪ್ಪಿದರೆ ಮತ್ತೆ ಮೊದಲಿಂದ ಶುರು ಮಾಡೋದು ಇದ್ದರೆ, ಅದು ನಂಬಿಕೆಯ ಪ್ರಶ್ನೆ ಆಗಿರದೆ ಗೀಳು ಕಾಯಿಲೆ ಆಗಿರಬಹುದು. ಧರ್ಮ ಬಿಟ್ಟರೆ ಅದು ಹೋಗಲ್ಲ, ಗೀಳು ಬೇರೆ ವಿಷಯ ಹುಡುಕಿಕೊಳ್ಳುತ್ತೆ. ಸಮಾಧಾನ ಹೇಳ್ತಾ ಹೋದಷ್ಟೂ ಹೆಚ್ಚುತ್ತೆ, ಯಾಕಂದರೆ ಸಮಾಧಾನ ಕೇಳೋದೇ ಗೀಳಿನ ಭಾಗ. ಇದಕ್ಕೆ ಔಷಧಿಯೂ ಇದೆ, ಆತಂಕವನ್ನ ಎದುರಿಸಿ ಆ ಕ್ರಿಯೆಯನ್ನ ಮಾಡದೇ ಇರೋ ಅಭ್ಯಾಸದ ಚಿಕಿತ್ಸೆಯೂ ಇದೆ. ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ಕ್ಲಿನಿಕ್ ಇದೆ. ರಾತ್ರಿ ತಡೆಯೋಕಾಗದಿದ್ದರೆ ಸರ್ಕಾರದ ಸಹಾಯವಾಣಿ ಟೆಲಿ ಮನಸ್ 14416, ಕನ್ನಡದಲ್ಲೇ ಮಾತಾಡ್ತಾರೆ.

ಕಾಕ್ಸ್‌ಟೌನ್ ಕಿಟಕಿ

ಕೊನೇದೊಂದು. ತಂಗಿ ಮಗುವಿಗೆ ಜ್ಞಾನಪೋಷಕರಾಗಿ (ಗಾಡ್‌ಪೇರೆಂಟ್) ನಿಲ್ಲಿ ಅಂತ ಕರೆದಾಗ ಏನು ಮಾಡೋದು?

ಅಂಚಿನ ಟಿಪ್ಪಣಿ

874ನೇ ವಿಧಿ: 16 ವರ್ಷ ತುಂಬಿರಬೇಕು, ದೃಢೀಕರಣ ಮತ್ತು ಪರಮಪ್ರಸಾದ ಆಗಿರಬೇಕು, ನಂಬಿಕೆಗೆ ತಕ್ಕ ಹಾಗೆ ಬಾಳ್ತಿರಬೇಕು. ಮೊದಲೆರಡು ಪುಸ್ತಕದಲ್ಲಿ ಸಿಗುತ್ತೆ, ಮೂರನೇದನ್ನ ನಿಮ್ಮ ಬಾಯಲ್ಲೇ ಕೇಳ್ತಾರೆ. ಪೂಜೆಯ ಮಧ್ಯೆ ಎಲ್ಲರೆದುರು 'ನಂಬುತ್ತೇನೆ' ಅಂತ ಹೇಳಬೇಕಾಗುತ್ತೆ. ಒಬ್ಬ ಪೋಷಕರು ಇದ್ದರೂ ನಡೆಯುತ್ತೆ, ಆದ್ದರಿಂದ ನೀವು ಹಿಂದೆ ಸರಿದರೆ ಜ್ಞಾನಸ್ನಾನ ನಿಲ್ಲಲ್ಲ. ತಂಗಿಗೆ ಒಂದು ತಿಂಗಳು ಮುಂಚೆ ಹೇಳಿ, ಹಿಂದಿನ ದಿನ ಅಲ್ಲ. ಕೇಕಿನ ಖರ್ಚು ನೀವು ನೋಡಿಕೊಳ್ಳಿ.